ಅಗ್ರಿಮೆಂಟ್ ಮಾಡಿಕೊಂಡು ಸೈಟನ್ನು ಬೇರೆಯವರಿಗೆ ದಾಟಿಸಬಹುದೇ?

ಪ್ರಶ್ನೆ: ನಾನು ತುಮಕೂರಿನವನು, ಬೆಂಗಳೂರಿನಲ್ಲಿ ಕೆಲಸ. ಅಮೆರಿಕದ ‘ಹೋಲ್‌ಸೇಲಿಂಗ್’ ಬಗ್ಗೆ ಬಹಳಷ್ಟು ವಿಡಿಯೊ ನೋಡಿದ್ದೇನೆ. ಕೈಯಿಂದ ಬಂಡವಾಳ ಹಾಕದೆ ಮಾಲೀಕರ ಜೊತೆ ಅಗ್ರಿಮೆಂಟ್ ಮಾಡಿಕೊಂಡು, ಆ ಅಗ್ರಿಮೆಂಟನ್ನೇ ಹೆಚ್ಚಿನ ಬೆಲೆಗೆ ಇನ್ನೊಬ್ಬರಿಗೆ ಕೊಡುವ ವ್ಯವಹಾರ ಅದು. ನಮ್ಮೂರಿನಲ್ಲಿ ಪರಿಚಯದ ಅಜ್ಜಿಯೊಬ್ಬರು 40×60 ಸೈಟನ್ನು ₹45 ಲಕ್ಷಕ್ಕೆ ಕೊಡಲು ಸಿದ್ಧರಿದ್ದಾರೆ. ₹60 ಲಕ್ಷ ಕೊಡುವ ಪಾರ್ಟಿ ನನಗೆ ಗೊತ್ತು. ‘₹1 ಲಕ್ಷ ಅಡ್ವಾನ್ಸ್ ಕೊಟ್ಟು ಮೂರು ತಿಂಗಳಿಗೆ ಅಗ್ರಿಮೆಂಟ್ ಮಾಡಿಸ್ಕೋ, ಜೊತೆಗೊಂದು ಜಿಪಿಎ ಬರೆಸ್ಕೋ’ ಎನ್ನುತ್ತಾನೆ ಸ್ನೇಹಿತ. ಇದು ಕಾನೂನುಬದ್ಧವೇ? ₹60 ಲಕ್ಷದ ವಿಷಯ ಅಜ್ಜಿಗೆ ಹೇಳಲೇಬೇಕೇ?

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಮೊದಲನೆಯದು ಕಾನೂನಿನದು, ಎರಡನೆಯದು ಮನಸ್ಸಾಕ್ಷಿಯದು ಎಂದು ನೀವು ಅಂದುಕೊಂಡಂತಿದೆ. ನಿಮ್ಮ ಪ್ರಕರಣದಲ್ಲಿ ಎರಡನೆಯದೂ ಬಹುಮಟ್ಟಿಗೆ ಕಾನೂನಿನದೇ ಪ್ರಶ್ನೆ. ಸ್ನೇಹಿತ ಹೇಳಿದ ಆ ಜಿಪಿಎಯಿಂದಾಗಿಯೇ, ಅಂದರೆ ಮಾಲೀಕರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರದಿಂದಾಗಿಯೇ, ಹಾಗಾಗುತ್ತದೆ. ಅದಕ್ಕೆ ಆಮೇಲೆ ಬರುತ್ತೇನೆ.

ಅಗ್ರಿಮೆಂಟಿನ ಲಾಭವನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದು ನಮ್ಮಲ್ಲಿ ಹೊಸದಲ್ಲ, ಅಪರಾಧವೂ ಅಲ್ಲ. ಹೆಸರು ಮಾತ್ರ ಅಮೆರಿಕದಿಂದ ಬಂದಿದೆ. ಕೆಲಸ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ವಿಮಾನ ನಿಲ್ದಾಣ ಬರುವ ಮೊದಲೇ ಜೋರಾಗಿ ನಡೆಯುತ್ತಿತ್ತು. ಆದರೆ ನಿಮ್ಮ ವಿಡಿಯೊದವರು ಹೇಳದ ಒಂದು ಮಾತಿದೆ. ಅವರ ದೇಶದಲ್ಲೇ ಈ ದಂಧೆಗೆ ಒಂದೊಂದೇ ರಾಜ್ಯ ಬೇಲಿ ಹಾಕುತ್ತಾ ಬಂದಿದೆ. 2017ರಲ್ಲಿ ಟೆಕ್ಸಾಸ್, ‘ನಾನು ಮಾರುತ್ತಿರುವುದು ಮನೆಯನ್ನಲ್ಲ, ಮನೆಯ ಮೇಲಿರುವ ಕರಾರಿನ ಹಕ್ಕನ್ನು’ ಎಂದು ಬಾಯಿಬಿಟ್ಟು ಹೇಳಬೇಕು, ಹೇಳದಿದ್ದರೆ ಲೈಸೆನ್ಸ್ ಇಲ್ಲದೆ ಬ್ರೋಕರ್ ಕೆಲಸ ಮಾಡಿದಂತೆ ಎಂದಿತು. 2019ರಲ್ಲಿ ಇಲಿನಾಯ್, ಹನ್ನೆರಡು ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಇಂಥ ವ್ಯವಹಾರ ಮಾಡುವವರು ಲೈಸೆನ್ಸ್ ಪಡೆಯಲೇಬೇಕು ಎಂದಿತು. ಒಕ್ಲಹೋಮ 2021ರಲ್ಲಿ ತಂದ ಕಾಯ್ದೆಯ ಹೆಸರಿನಲ್ಲೇ ಹೋಲ್‌ಸೇಲರ್‌ಗಳನ್ನು ‘ಬೇಟೆಗಾರರು’ ಎಂಬರ್ಥದಲ್ಲಿ ಕರೆದಿದೆ. ಸೌತ್ ಕ್ಯಾರೊಲಿನಾ 2024ರಲ್ಲಿ ಇನ್ನೂ ಬಿಗಿ ಮಾಡಿತು. ಇವೆಲ್ಲಕ್ಕೂ ಮೂಲ ಒಂದೇ ಬಗೆಯ ದೂರು. ವಯಸ್ಸಾದವರು, ಸಾಲದಲ್ಲಿರುವವರು, ಮನೆ ಹರಾಜಿಗೆ ಬಂದವರು ತಮ್ಮೆದುರು ಕೂತವನನ್ನು ಖರೀದಿದಾರ ಎಂದು ನಂಬಿ ಸಹಿ ಹಾಕುತ್ತಾರೆ. ಅವನ ಹತ್ತಿರ ಕೊಳ್ಳಲು ದುಡ್ಡೂ ಇರುವುದಿಲ್ಲ, ಇರಾದೆಯೂ ಇರುವುದಿಲ್ಲ.

ಈಗ ನಮ್ಮ ಕಾನೂನು. ಅಮೆರಿಕದಲ್ಲಿ ಕರಾರಿಗೆ ಸಹಿ ಬಿದ್ದ ಕೂಡಲೇ ಖರೀದಿದಾರನಿಗೆ ಆಸ್ತಿಯಲ್ಲೇ ಒಂದು ಬಗೆಯ ಹಿತಾಸಕ್ತಿ ಹುಟ್ಟುತ್ತದೆ. ಹೋಲ್‌ಸೇಲರ್ ಮಾರುವುದು ಅದನ್ನೇ. ನಮ್ಮಲ್ಲಿ ಹಾಗಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಂ ಪ್ರಕಾರ, ಕ್ರಯದ ಕರಾರು ತನ್ನಷ್ಟಕ್ಕೆ ತಾನೇ ಆ ಆಸ್ತಿಯಲ್ಲಿ ಯಾವ ಹಿತಾಸಕ್ತಿಯನ್ನೂ, ಯಾವ ಋಣಭಾರವನ್ನೂ ಹುಟ್ಟಿಸುವುದಿಲ್ಲ. ಅಜ್ಜಿ ನಿಮಗೆ ಅಗ್ರಿಮೆಂಟ್ ಬರೆದುಕೊಟ್ಟರೆ ನಿಮ್ಮ ಕೈಗೆ ಸಿಗುವುದು ಸೈಟಿನ ತುಂಡಲ್ಲ, ಅಜ್ಜಿಯ ಮಾತು. ನೀವು ₹60 ಲಕ್ಷದ ಪಾರ್ಟಿಗೆ ದಾಟಿಸುವುದೂ ಆ ಮಾತನ್ನೇ. ಅವರಿಗೆ ‘ಸೈಟ್ ನನ್ನದೇ’ ಎಂದು ಹೇಳಿದರೆ ಅದು ಸುಳ್ಳು. ಬ್ರೋಕರ್‌ಗಳ ಬಾಯಲ್ಲಿ ‘ಅದು ನಮ್ದೇ ಪ್ರಾಪರ್ಟಿ ಸಾರ್’ ಎಂಬುದು ಎಷ್ಟು ಸಲೀಸಾಗಿ ಬರುತ್ತದೆ ಎಂದರೆ, ಅದು ಸುಳ್ಳು ಎಂದು ಅವರಿಗೇ ಮರೆತುಹೋಗಿರುತ್ತದೆ.

ಮಾತನ್ನು ದಾಟಿಸಬಹುದೇ? ಬಹುದು. ಕರಾರಿನ ಹಕ್ಕನ್ನು ವರ್ಗಾಯಿಸಬಹುದು, ಆದರೆ ಕರಾರಿನ ಹೊಣೆಯನ್ನು ಎದುರು ಪಕ್ಷದ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ತಲೆಗೆ ಕಟ್ಟುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1962ರ ಖರ್ದಾ ಕಂಪನಿ ಪ್ರಕರಣದಲ್ಲೇ ಹೇಳಿದೆ. ಹಣ ಕೊಡುವ ಹೊಣೆ ನಿಮ್ಮದು. ಪಾರ್ಟಿ ಕೈಕೊಟ್ಟರೆ ಅಜ್ಜಿ ಹಿಡಿಯುವುದು ನಿಮ್ಮನ್ನೇ. ಹಕ್ಕು ಪಡೆದವರು ಕರಾರು ಜಾರಿ ಮಾಡಿಸಲು ದಾವೆ ಹೂಡಬಹುದು ಎಂದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 15ನೇ ಕಲಂ ಹೇಳುತ್ತದೆ. ‘ಈ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಕೂಡದು’ ಎಂದು ಕರಾರಿನಲ್ಲೇ ಬರೆದಿದ್ದರೆ ಸಾಮಾನ್ಯವಾಗಿ ಆ ದಾರಿ ಮುಚ್ಚುತ್ತದೆ.

ನಮ್ಮ ಪತ್ರ ಬರಹಗಾರರು ಸಿದ್ಧವಾಗಿಟ್ಟುಕೊಂಡಿರುವ ನಮೂನೆಯಲ್ಲಿ ಒಂದು ಸಾಲು ಬಹುತೇಕ ಯಾವಾಗಲೂ ಇರುತ್ತದೆ: ‘ತಮ್ಮ ಹೆಸರಿಗಾಗಲಿ ಅಥವಾ ತಾವು ಸೂಚಿಸಿದವರ ಹೆಸರಿಗಾಗಲಿ ಶುದ್ಧ ಕ್ರಯಪತ್ರ ಬರೆದು ರಿಜಿಸ್ಟರ್ ಮಾಡಿಸಿಕೊಡಲು ಬದ್ಧನಾಗಿರುತ್ತೇನೆ.’ ಇಡೀ ವ್ಯವಹಾರ ನಿಂತಿರುವುದು ‘ಸೂಚಿಸಿದವರ ಹೆಸರಿಗಾಗಲಿ’ ಎಂಬ ಆ ಎರಡು ಪದಗಳ ಮೇಲೆ. ಅಗ್ರಿಮೆಂಟ್ ಓದಿ ಹೇಳುವಾಗ ಚೆಕ್ಕುಬಂದಿ, ಅಳತೆಯೆಲ್ಲ ನಿಧಾನವಾಗಿ ಓದುತ್ತಾರೆ. ಈ ಸಾಲು ಬರುವ ಹೊತ್ತಿಗೆ ಎಲ್ಲರಿಗೂ ಕಾಫಿ ಬಂದಿರುತ್ತದೆ. ಸಹಿ ಹಾಕಿದವರಲ್ಲಿ ಎಷ್ಟು ಮಂದಿಗೆ ಅದರ ಅರ್ಥ ಗೊತ್ತಿರುತ್ತದೆ ಎಂದು ನನ್ನನ್ನು ಕೇಳಬೇಡಿ.

ಸ್ನೇಹಿತ ಯೋಚಿಸದೇ ಇರುವ ಇನ್ನೊಂದು ವಿಷಯ ದುಡ್ಡಿನದು. ನಾಳೆ ಅಜ್ಜಿಯ ಮಗ ‘ಕೊಡಲ್ಲ’ ಎಂದು ತಕರಾರು ತೆಗೆದರೆ ನೀವು ಕೋರ್ಟಿಗೆ ಹೋಗಬೇಕು. ಅಲ್ಲಿ ಅದೇ ನಿರ್ದಿಷ್ಟ ಪರಿಹಾರ ಕಾಯ್ದೆಯ 16(ಸಿ) ಕಲಂ ಎದುರಾಗುತ್ತದೆ: ಕರಾರಿನಂತೆ ನಡೆದುಕೊಳ್ಳಲು ನೀವು ಉದ್ದಕ್ಕೂ ಸಿದ್ಧರಿದ್ದಿರಿ, ಸಮರ್ಥರಿದ್ದಿರಿ ಎಂಬುದನ್ನು ಸಾಬೀತು ಮಾಡಬೇಕು. ₹45 ಲಕ್ಷದ ಕರಾರು, ಪಾಸ್‌ಬುಕ್ಕಿನಲ್ಲಿ ಎರಡು ಲಕ್ಷ, ಬ್ಯಾಂಕಿನ ಸಾಲದ ಪತ್ರವೂ ಇಲ್ಲ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆಗೇ ನಿಮ್ಮ ಕೇಸ್ ಕುಸಿಯುತ್ತದೆ. ಬಂಡವಾಳವಿಲ್ಲದ ವ್ಯವಹಾರ ಎಂದು ವಿಡಿಯೊದಲ್ಲಿ ಹೊಗಳುವುದೂ ಇದನ್ನೇ. ಇನ್ನೂ ಮುಂದೆ ಹೋಗಿ, ಸಹಿ ಮಾಡುವಾಗಲೇ ಕೊಳ್ಳುವ ಉದ್ದೇಶ ನಿಮಗಿರಲಿಲ್ಲ, ಕೊಳ್ಳುವವನಂತೆ ನಂಬಿಸಿ ಮೋಸ ಮಾಡಿದಿರಿ ಎಂದು ತೋರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಮಿನ ವಂಚನೆಯ ಮಾತು ಬರುತ್ತದೆ. ಬರೀ ಕರಾರು ಮುರಿದರೆ ಅದು ವಂಚನೆಯಾಗುವುದಿಲ್ಲ, ಹೆದರಬೇಡಿ. ಆದರೆ ದೂರು ಕೊಡಲು ಯಾರಿಗೂ ತಡೆಯಿಲ್ಲ.

ಈಗ ಜಿಪಿಎ. 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಗ್ರಿಮೆಂಟ್ ಮತ್ತು ಜಿಪಿಎ ಸೇರಿಸಿ ಮಾಡುವ ‘ಮಾರಾಟ’ದಿಂದ ಮಾಲೀಕತ್ವ ಬರುವುದಿಲ್ಲ ಎಂದು ಹೇಳಿದ್ದು ಎಲ್ಲರಿಗೂ ಗೊತ್ತು. ನಿಮಗೆ ಅದಕ್ಕಿಂತ ದೊಡ್ಡ ಅಪಾಯ ಬೇರೆ ಕಡೆ ಇದೆ. ಜಿಪಿಎ ಬರೆಸಿಕೊಂಡ ಕ್ಷಣದಿಂದ ನೀವು ಅಜ್ಜಿಯ ಏಜೆಂಟ್. ಅವರ ಪರವಾಗಿ, ಅವರ ಹೆಸರಿನಲ್ಲಿ, ಅವರ ಸೈಟ್ ಮಾರುವವರು. ಏಜೆಂಟನ ವಿಷಯದಲ್ಲಿ 1872ರ ಕರಾರು ಕಾಯ್ದೆ ಬಹಳ ನಿಷ್ಠುರ. 215ನೇ ಕಲಮಿನ ಕೆಳಗೆ ಕೊಟ್ಟಿರುವ ಉದಾಹರಣೆ ನಿಮಗಾಗಿಯೇ ಬರೆದಂತಿದೆ. ಒಬ್ಬ ತನ್ನ ಜಮೀನು ಮಾರಿಕೊಡು ಎಂದು ಇನ್ನೊಬ್ಬನಿಗೆ ಹೇಳುತ್ತಾನೆ. ಅವನು ಮಾರುವ ಮೊದಲು ಜಮೀನು ನೋಡಲು ಹೋದಾಗ ಅಲ್ಲೊಂದು ಗಣಿ ಇರುವುದು ಕಾಣುತ್ತದೆ. ಮಾಲೀಕನಿಗೆ ಅದು ಗೊತ್ತಿಲ್ಲ. ಗಣಿಯ ವಿಷಯ ಬಚ್ಚಿಟ್ಟು ‘ಜಮೀನನ್ನು ನಾನೇ ತಗೋತೀನಿ’ ಎನ್ನುತ್ತಾನೆ, ಮಾಲೀಕ ಒಪ್ಪುತ್ತಾನೆ. ಗಣಿಯ ವಿಷಯ ಹೊರಬಿದ್ದ ಮೇಲೆ ಆ ಮಾರಾಟವನ್ನು ಉಳಿಸಿಕೊಳ್ಳುವುದೋ ತಳ್ಳಿಹಾಕುವುದೋ ಮಾಲೀಕನ ಇಷ್ಟ. ನಿಮ್ಮ ₹60 ಲಕ್ಷದ ಪಾರ್ಟಿಯೇ ಆ ಗಣಿ. 216ನೇ ಕಲಂ ಇನ್ನೂ ನೇರ: ಮಾಲೀಕರಿಗೆ ತಿಳಿಸದೆ ಏಜೆಂಟ್ ಆ ವ್ಯವಹಾರವನ್ನು ತನ್ನ ಲೆಕ್ಕಕ್ಕೆ ಮಾಡಿಕೊಂಡರೆ, ಅದರಿಂದ ಅವನಿಗೆ ಬಂದ ಲಾಭವನ್ನು ಮಾಲೀಕರು ಕೇಳಿ ಪಡೆಯಬಹುದು. ಅಂದರೆ ಆ ₹15 ಲಕ್ಷ ಅಜ್ಜಿಯದು ಎಂದು ವಾದಿಸಲು ನಿಮ್ಮ ಸ್ನೇಹಿತರೇ ಅವರ ಕೈಗೆ ಕಾಗದ ಬರೆದುಕೊಡುತ್ತಿದ್ದಾರೆ.

ಜಿಪಿಎ ಇಲ್ಲದಿದ್ದರೂ ಇದೇ ಪ್ರಶ್ನೆ ಬಾಯಿಮಾತಿನಲ್ಲಿ ಏಳುತ್ತದೆ. ಅಜ್ಜಿ ನಿಮಗೆ ಹೇಳಿದ್ದು ಏನು? ‘ಯಾರಾದ್ರೂ ಒಳ್ಳೆ ಪಾರ್ಟಿ ಇದ್ರೆ ನೋಡಪ್ಪ’ ಎಂದರೋ, ಅಥವಾ ‘ನೀನೇ ತಗೋತೀಯಾ’ ಎಂದರೋ? ಮೊದಲನೆಯದಾದರೆ ನೀವು ಅವರ ಮನಸ್ಸಿನಲ್ಲಿ ಬ್ರೋಕರ್. ಅಲ್ಲಿಂದ ಅವರಿಗೆ ಗೊತ್ತಾಗದಂತೆ ಎದ್ದು ಖರೀದಿದಾರನ ಕುರ್ಚಿಯಲ್ಲಿ ಕೂರುವಂತಿಲ್ಲ. ಈ ಬಗೆಯ ಕೇಸುಗಳಲ್ಲಿ ನಾನು ಮೊದಲು ನೋಡುವುದು ದಾಖಲೆಯನ್ನಲ್ಲ, ವಾಟ್ಸ್‌ಆ್ಯಪ್ ಮಾತುಕತೆಯನ್ನು. ‘ಪಾರ್ಟಿ ತೋರಿಸ್ತೀನಿ ಆಂಟಿ’ ಎಂಬ ಒಂದು ಸಂದೇಶ ಹತ್ತು ಪುಟದ ಅಗ್ರಿಮೆಂಟನ್ನು ಹೊಡೆದುಹಾಕಬಲ್ಲದು.

ಸರಿ, ನೀವು ನಿಜವಾಗಿಯೂ ಖರೀದಿದಾರರೇ ಎಂದಿಟ್ಟುಕೊಳ್ಳೋಣ. ಆಗ ಮಾರುಕಟ್ಟೆ ಬೆಲೆ ಇಷ್ಟಿದೆ ಎಂದು ಮಾರುವವರಿಗೆ ಹೇಳಿಕೊಡುವ ಹೊಣೆ ಕಾನೂನಿನಲ್ಲಿ ಸಾಮಾನ್ಯವಾಗಿ ಇಲ್ಲ. ಸುಮ್ಮನಿರುವುದು ತನ್ನಷ್ಟಕ್ಕೆ ವಂಚನೆಯಲ್ಲ ಎಂದು ಕರಾರು ಕಾಯ್ದೆಯ 17ನೇ ಕಲಮಿನ ವಿವರಣೆಯೇ ಹೇಳುತ್ತದೆ. ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಕರಾರು ಬೀಳುವುದೂ ಇಲ್ಲ. ಇಷ್ಟು ಕೇಳಿ ನೀವು ನಿಟ್ಟುಸಿರು ಬಿಡುವ ಮೊದಲು ಇದರ ಇನ್ನೊಂದು ಮಗ್ಗುಲನ್ನೂ ನೋಡಿ. ಆಸ್ತಿ ವರ್ಗಾವಣೆ ಕಾಯ್ದೆಯ 55(5)(ಎ) ಪ್ರಕಾರ, ಮಾರುವವರ ಹಕ್ಕಿನ ಸ್ವರೂಪ ಅಥವಾ ವ್ಯಾಪ್ತಿಗೆ ಸಂಬಂಧಿಸಿದ, ಅದರ ಬೆಲೆಯನ್ನು ಗಣನೀಯವಾಗಿ ಹೆಚ್ಚಿಸುವ ಸಂಗತಿಯೊಂದು ಖರೀದಿದಾರನಿಗೆ ಗೊತ್ತಿದ್ದು ಮಾರುವವರಿಗೆ ಗೊತ್ತಿಲ್ಲದಿದ್ದರೆ ಅದನ್ನು ಹೇಳಲೇಬೇಕು. ಪಕ್ಕದ ಹತ್ತಡಿ ಜಾಗವೂ ಅಜ್ಜಿಯ ಪತ್ರದಲ್ಲೇ ಸೇರಿದೆ ಎಂದು ನೀವು ದಾಖಲೆ ಓದಿ ಕಂಡುಕೊಂಡಿದ್ದರೆ ಬಚ್ಚಿಡುವಂತಿಲ್ಲ. ಕಡಿಮೆ ಬೆಲೆ ಎಂಬುದು, ಒಪ್ಪಿಗೆ ಮನಸಾರೆ ಕೊಟ್ಟದ್ದೇ ಅಲ್ಲವೇ ಎಂದು ತೂಗುವಾಗ ಕೋರ್ಟಿನ ತಕ್ಕಡಿಗೆ ಬಂದೇ ಬರುತ್ತದೆ. ವಯಸ್ಸು, ಕಾಯಿಲೆ, ನಿಮ್ಮ ಮೇಲಿನ ಅವಲಂಬನೆ ಸೇರಿಕೊಂಡು ವ್ಯವಹಾರ ಕಣ್ಣಿಗೆ ಹೊಡೆಯುವಷ್ಟು ಅನ್ಯಾಯವಾಗಿದ್ದರೆ, ‘ಒತ್ತಡ ಹಾಕಿಲ್ಲ’ ಎಂದು ಸಾಬೀತು ಮಾಡುವ ಭಾರ ನಿಮ್ಮ ಮೇಲೆ ಬೀಳಬಹುದು. ಅದು ಕರಾರು ಕಾಯ್ದೆಯ 16ನೇ ಕಲಂ.

ಮತ್ತೆ, ಅವರಾಗಿಯೇ ‘ಏನಪ್ಪಾ, ರೇಟ್ ಎಷ್ಟು ನಡೀತಿದೆ’ ಎಂದು ಕೇಳಿದರೆ? ಅಲ್ಲಿಗೆ ಮೌನದ ರಕ್ಷಣೆ ಮುಗಿಯಿತು. ‘ನಲವತ್ತೈದೇ ಜಾಸ್ತಿ ಅಜ್ಜಿ’ ಎಂದರೆ ಅದು ಮೌನವಲ್ಲ.

ನೈತಿಕತೆಯ ವಿಷಯದಲ್ಲಿ ನಾನು ಅಷ್ಟೇನೂ ಮಡಿವಂತನಲ್ಲ. ವ್ಯಾಪಾರವೆಂದರೆ ಒಂದು ಬೆಲೆಗೆ ತಂದು ಇನ್ನೊಂದು ಬೆಲೆಗೆ ಮಾರುವುದೇ. ಪೌತಿ ಖಾತೆ ಆಗದ, ನಾಲ್ಕು ಮಂದಿ ವಾರಸುದಾರರು ಮೂರು ಊರಿನಲ್ಲಿರುವ, ತೆರಿಗೆ ಬಾಕಿಯಿರುವ ಸೈಟನ್ನು ಅಗ್ರಿಮೆಂಟಿಗೆ ತೆಗೆದುಕೊಂಡು, ಆರು ತಿಂಗಳು ಓಡಾಡಿ, ಕಾಗದ ಸರಿಮಾಡಿಸಿ, ಆಮೇಲೆ ಹೆಚ್ಚಿನ ಬೆಲೆಗೆ ದಾಟಿಸುವವರನ್ನು ನೋಡಿದ್ದೇನೆ. ಅವರ ಲಾಭ ಅವರ ಬೆವರಿನದು. ಮಾರಿದವರಿಗೂ ಅದರ ಬಗ್ಗೆ ಬೇಸರವಿರುವುದಿಲ್ಲ. ನಿಮ್ಮ ವಿಷಯದಲ್ಲಿ ಅಂಥದ್ದೇನೂ ಕಾಣುತ್ತಿಲ್ಲ. ಕಾಗದ ಸರಿಯಿದೆ, ಕೊಳ್ಳುವವರು ಸಿದ್ಧರಿದ್ದಾರೆ, ನಡುವೆ ಇರುವುದು ಅಜ್ಜಿಗೆ ಗೊತ್ತಿಲ್ಲ ಎಂಬ ಸಂಗತಿ ಮಾತ್ರ. ₹15 ಲಕ್ಷ ಅವರಿಗೆ ಗೊತ್ತಿಲ್ಲದಿರುವುದರ ಬೆಲೆ. ಇದನ್ನು ಓದುವಾಗ ನಿಮಗೆ ಕೊಂಚ ಇರುಸುಮುರುಸು ಆಯಿತೆಂದರೆ, ನೀವು ಪ್ರಶ್ನೆ ಕಳಿಸಿದ್ದೂ ಅದಕ್ಕೇ ಇರಬೇಕು.

ಪಾರ್ಟಿ ಸಿಗದೇ ಹೋದರೆ ಏನಾಗುತ್ತದೆ ಎಂಬುದನ್ನೂ ವಿಡಿಯೊದಲ್ಲಿ ತೋರಿಸುವುದಿಲ್ಲ. ಕೆಲವು ವರ್ಷಗಳ ಹಿಂದೆ ನಿವೃತ್ತ ಮೇಷ್ಟ್ರೊಬ್ಬರು ನನ್ನ ಕಚೇರಿಗೆ ಬಂದು ಮೇಜಿನ ಮೇಲೆ ಒಂದು ಇ.ಸಿ. (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರಗಳ ಪಟ್ಟಿ) ಹರವಿದರು. ಮೊಮ್ಮಗಳ ಕಾಲೇಜು ಫೀಸಿಗೆಂದು ಸೈಟ್ ಮಾರಲು ಹೊರಟಿದ್ದರು. ಇ.ಸಿ.ಯ ಕೊನೆಯ ಸಾಲಿನಲ್ಲಿ ನೋಂದಾಯಿತ ಕ್ರಯದ ಕರಾರು. ಅವಧಿ ಮುಗಿದು ಏಳು ತಿಂಗಳಾಗಿತ್ತು. ಬರೆಸಿಕೊಂಡವನು ಅಡ್ವಾನ್ಸ್ ಐವತ್ತು ಸಾವಿರ ಕೊಟ್ಟಿದ್ದ. ಪಾರ್ಟಿ ಸಿಗಲಿಲ್ಲ, ತಾನು ಕೊಳ್ಳಲೂ ಇಲ್ಲ. ಬಂದ ಹೊಸ ಖರೀದಿದಾರರೆಲ್ಲ ಆ ಸಾಲು ನೋಡಿ ಎದ್ದು ಹೋಗುತ್ತಿದ್ದರು. ರದ್ದತಿ ಪತ್ರಕ್ಕೆ ಸಹಿ ಹಾಕು ಎಂದರೆ ಎರಡು ಲಕ್ಷ ಕೇಳಿದ. ‘ನಾನೇನು ಅವನಿಗೆ ಸಾಲಗಾರನಾ ಸಾರ್?’ ಎಂದು ಮೇಷ್ಟ್ರು ಮತ್ತೆ ಮತ್ತೆ ಕೇಳಿದ್ದು ನೆನಪಿದೆ. ಕಾನೂನಿನಲ್ಲಿ ಅವರ ಪಕ್ಷ ಗಟ್ಟಿಯಿತ್ತು. ಆದರೆ ಕರಾರು ಜಾರಿಗೆ ದಾವೆ ಹೂಡಲು ಎದುರಿನವನಿಗೆ ಮೂರು ವರ್ಷ ಕಾಲಾವಕಾಶವಿರುತ್ತದೆ, ಕಾಲೇಜಿನ ಫೀಸಿಗೆ ಅಷ್ಟು ಕಾಲಾವಕಾಶ ಇರುವುದಿಲ್ಲ. ಕೊನೆಗೆ ಎಂಬತ್ತು ಸಾವಿರ ಹೆಚ್ಚುವರಿ ಕೊಟ್ಟು ಸಹಿ ಹಾಕಿಸಿಕೊಂಡರು.

ಜಾಗ ಮೂಲತಃ ಮಂಜೂರಾತಿ ಜಮೀನಾಗಿದ್ದರೆ ಇನ್ನೊಂದು ಎಚ್ಚರಿಕೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ವರ್ಗಾಯಿಸುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸುತ್ತದೆ. ಆ ಕಾಯ್ದೆಯಲ್ಲಿ ‘ವರ್ಗಾವಣೆ’ ಎಂಬುದರೊಳಗೆ ಮಾರಾಟದ ಅಗ್ರಿಮೆಂಟ್ ಕೂಡ ಸೇರಿದೆ. ಅಂದರೆ ನೀವು ದಾಟಿಸಲು ಹೊರಟ ಆ ಕಾಗದವೇ ನಿಷಿದ್ಧ. 2023ರ ತಿದ್ದುಪಡಿಯ ನಂತರ, ಅಂಥ ಜಮೀನು ಮರಳಿ ಕೇಳಲು ಕಾಯ್ದೆಯಲ್ಲಿ ಕಾಲಮಿತಿಯೂ ಇಲ್ಲ.

ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನೋಂದಾಯಿತ ಲೇಔಟ್ ಅಥವಾ ಅಪಾರ್ಟ್‌ಮೆಂಟ್ ಯೋಜನೆಯ ಸೈಟು, ಫ್ಲಾಟು ಮಾರಿಸಿ ಕಮಿಷನ್ ಪಡೆಯುವವರು 2016ರ ಕಾಯ್ದೆಯ 9ನೇ ಕಲಮಿನಡಿ ಏಜೆಂಟ್ ಆಗಿ ನೋಂದಾಯಿಸಿಕೊಳ್ಳಬೇಕು; ತಪ್ಪಿದರೆ ದಿನಕ್ಕೆ ₹10,000ದಂತೆ, ಆ ಆಸ್ತಿಯ ಬೆಲೆಯ ಶೇ. 5ರವರೆಗೆ ದಂಡ ಬೆಳೆಯಬಹುದು. ಅಜ್ಜಿಯ ಹಳೆಯ ಬಿಡಿ ಸೈಟಿಗೆ ಇದು ತಾಗುವುದಿಲ್ಲ. ಇದನ್ನೇ ಕಸುಬು ಮಾಡಿಕೊಂಡರೆ ನಾಳೆ ತಾಗುತ್ತದೆ.

ಇನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯ ದಿನ. ಎರಡು ಸಲ ರಿಜಿಸ್ಟರ್ ಮಾಡಿಸಿದರೆ, ಅಂದರೆ ಅಜ್ಜಿಯಿಂದ ನಿಮಗೆ, ನಿಮ್ಮಿಂದ ಪಾರ್ಟಿಗೆ, ಎಲ್ಲಕ್ಕಿಂತ ಸ್ವಚ್ಛ. ಆದರೆ 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 2 ಆದ ಮೇಲೆ, ಸ್ಟ್ಯಾಂಪ್ ಶುಲ್ಕ, ಸೆಸ್ ಎಲ್ಲ ಸೇರಿ ಶೇ. 7 ದಾಟುತ್ತದೆ, ₹45 ಲಕ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು ಅಲ್ಲೇ ಹೋಯಿತು. ಅದಕ್ಕೇ ಎಲ್ಲರೂ ಹಿಡಿಯುವ ದಾರಿ, ಅಜ್ಜಿಯಿಂದ ನೇರ ಪಾರ್ಟಿಗೆ ಒಂದೇ ಕ್ರಯಪತ್ರ, ನೀವು ಅದರಲ್ಲಿ ‘ಕನ್‌ಫರ್ಮಿಂಗ್ ಪಾರ್ಟಿ’, ಅಂದರೆ ಮಾರಾಟಕ್ಕೆ ತನ್ನ ಒಪ್ಪಿಗೆಯಿದೆ ಎಂದು ದೃಢಪಡಿಸುವವರು, ಎಂದು ಸಹಿ. ಇದು ತಪ್ಪಲ್ಲ. ಪ್ರಶ್ನೆ ಇರುವುದು ಪತ್ರದಲ್ಲಿ ಬರೆಯುವ ಮೊತ್ತದಲ್ಲಿ. ‘ಒಟ್ಟು ₹60 ಲಕ್ಷ, ಅದರಲ್ಲಿ ₹45 ಲಕ್ಷ ಮಾಲೀಕರಿಗೆ, ₹15 ಲಕ್ಷ ಕನ್‌ಫರ್ಮಿಂಗ್ ಪಾರ್ಟಿಗೆ’ ಎಂದು ಚೆಕ್ ನಂಬರ್ ಸಮೇತ ಬರೆದರೆ, ಅಜ್ಜಿ ಅದನ್ನು ಓದುತ್ತಾರೆ, ಅಥವಾ ಅವರ ಮಗ ಓದಿ ಹೇಳುತ್ತಾನೆ. ಅದು ಬೇಡವೆಂದು ಪತ್ರದಲ್ಲಿ ₹45 ಲಕ್ಷ ಮಾತ್ರ ತೋರಿಸಿ ಉಳಿದದ್ದನ್ನು ಹೊರಗೆ, ಕಾರಿನಲ್ಲಿ ಕೂತು, ಕವರಿನಲ್ಲಿ ಪಡೆದರೆ ಕಪ್ಪು ಹಣ, ಕಡಿಮೆ ಮೌಲ್ಯ ತೋರಿಸಿದ್ದು, ತೆರಿಗೆ ತಪ್ಪಿಸಿದ್ದು ಎಲ್ಲ ಒಟ್ಟಿಗೇ ಬಂದವು. ಸ್ಥಿರಾಸ್ತಿ ವ್ಯವಹಾರದಲ್ಲಿ ₹20,000 ಅಥವಾ ಅದಕ್ಕಿಂತ ಹೆಚ್ಚಿನ ಅಡ್ವಾನ್ಸನ್ನು ನಗದಾಗಿ ಪಡೆಯುವಂತಿಲ್ಲ. ಪಡೆದರೆ ಪಡೆದಷ್ಟೇ ದಂಡ. ನಿಮ್ಮ ₹1 ಲಕ್ಷವನ್ನು ನಗದಾಗಿ ಕೊಟ್ಟರೆ ದಂಡ ಬೀಳುವುದು ಅಜ್ಜಿಯ ಮೇಲೆ, ಅದನ್ನೂ ನೆನಪಿಡಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ? ಪಾರ್ಟಿ ಈಗಾಗಲೇ ಕೈಯಲ್ಲಿರುವಾಗ ಅಗ್ರಿಮೆಂಟಿನ ಗೊಡವೆಯೇ ಬೇಡ. ಅಜ್ಜಿಯನ್ನೂ ಅವರ ಮಗನನ್ನೂ ಕೂರಿಸಿ, ‘₹60 ಲಕ್ಷಕ್ಕೆ ಪಾರ್ಟಿ ಇದೆ, ನನಗೆ ಶೇ. 2 ಕಮಿಷನ್ ಕೊಡಿ’ ಎಂದು ಕೇಳುತ್ತಿದ್ದೆ. ₹1,20,000 ಬರುತ್ತದೆ. ಹದಿನೈದು ಲಕ್ಷದ ಮುಂದೆ ಅದು ಸಣ್ಣದೇ, ಒಪ್ಪುತ್ತೇನೆ. ಆದರೆ ಮರುದಿನ ಅದೇ ಬೀದಿಯಲ್ಲಿ ಅವರ ಮನೆ ಮುಂದೆ ಹಾದುಹೋಗಬಹುದು, ಮುಂದಿನ ಸೈಟಿನ ಸುದ್ದಿಯೂ ಆ ಮನೆಯಿಂದಲೇ ಬರಬಹುದು.

ಅಗ್ರಿಮೆಂಟೇ ಬೇಕು, ಕೊಳ್ಳುವ ಶಕ್ತಿಯೂ ಇದೆ ಎಂದಾದರೆ ಜಿಪಿಎ ಬಿಟ್ಟುಬಿಡಿ. ‘ಸೂಚಿಸಿದವರ ಹೆಸರಿಗಾಗಲಿ’ ಎಂಬುದರ ಬದಲು ಎಲ್ಲರಿಗೂ ಅರ್ಥವಾಗುವ ಮೂರು ಸಾಲು ಬರೆಸಿ: ಖರೀದಿದಾರರು ಈ ಹಕ್ಕನ್ನು ಲಾಭಕ್ಕೆ ಬೇರೆಯವರಿಗೆ ವರ್ಗಾಯಿಸಬಹುದು, ಅದು ಮಾಲೀಕರಿಗೆ ತಿಳಿದಿದೆ, ಅವರು ಒಪ್ಪಿದ್ದಾರೆ, ಅವಧಿಯೊಳಗೆ ಕ್ರಯ ಆಗದಿದ್ದರೆ ಹದಿನೈದು ದಿನದಲ್ಲಿ ಖರೀದಿದಾರರು ತಮ್ಮ ಖರ್ಚಿನಲ್ಲೇ ರದ್ದತಿ ಪತ್ರ ನೋಂದಾಯಿಸಿಕೊಡಬೇಕು. ಸಹಿಗೆ ಮುಂಚೆ ಅಜ್ಜಿಯ ಕಡೆಯ ಒಬ್ಬರು, ಸಾಧ್ಯವಾದರೆ ಅವರದೇ ವಕೀಲರು, ಇದನ್ನು ಅವರಿಗೆ ಓದಿ ಹೇಳಲಿ. ಅಷ್ಟಾದ ಮೇಲೂ ಅವರು ₹45 ಲಕ್ಷಕ್ಕೆ ಸಹಿ ಹಾಕಿದರೆ, ಕ್ರಯಪತ್ರದಲ್ಲಿ ನಿಮ್ಮ ಹೆಸರಿನ ಮುಂದೆ ₹15 ಲಕ್ಷ ಎಂದು ಬರೆಸಲು ಹಿಂಜರಿಯಬೇಕಿಲ್ಲ. ಆ ಲಾಭಕ್ಕೆ ತೆರಿಗೆ ಕಟ್ಟಬೇಕು, ಪಾರ್ಟಿಯಿಂದ ಬರುವ ಹಣ ಬ್ಯಾಂಕಿನ ಮೂಲಕವೇ ಬರಬೇಕು. ಕರಡು ಸಿದ್ಧವಾದ ಮೇಲೆ ಸೈಟಿನ ಮೂಲ ಪತ್ರ, ಕನಿಷ್ಠ ಮೂವತ್ತು ವರ್ಷದ ಇ.ಸಿ., ಖಾತಾ ಮತ್ತು ವಂಶವೃಕ್ಷ ಇಟ್ಟುಕೊಂಡು ತುಮಕೂರಿನಲ್ಲೇ ಒಬ್ಬ ವಕೀಲರಿಗೆ ತೋರಿಸಿ. ಅಜ್ಜಿಗೆ ಎಷ್ಟು ಮಂದಿ ಮಕ್ಕಳು ಎಂದು ನೀವು ಪ್ರಶ್ನೆಯಲ್ಲಿ ಬರೆದಿಲ್ಲ.